ಊರು ಒಂದೇ, ಉಷ್ಣತೆ ಹಲವು

ಬಿಸಿ ಮತ್ತು ತಂಪು ಮನುಷ್ಯನ ಮೈಗೆ ಹುಟ್ಟಿನಿಂದಲೇ ಪರಿಚಿತವಾದವು. ಆದರೆ ಮೈ ಹೇಳುವ ಮಾತು ಯಾವಾಗಲೂ ನಂಬತಕ್ಕದ್ದಲ್ಲ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಇಟ್ಟು, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿರುವ ಒಂದೇ ಪಾತ್ರೆಯಲ್ಲಿ ಅದ್ದಿದರೆ, ಮೊದಲ ಕೈಗೆ ಆ ನೀರು ತಂಪಾಗಿಯೂ ಎರಡನೆಯ ಕೈಗೆ ಬಿಸಿಯಾಗಿಯೂ ತೋರುತ್ತದೆ. ನೀರು ಒಂದೇ, ಮೈಯೂ ಒಂದೇ. ತೀರ್ಪು ಮಾತ್ರ ಎರಡು. ಈ ಗೊಂದಲವನ್ನು ಕಳೆಯಲೆಂದೇ ಮನುಷ್ಯನು ಉಷ್ಣತಾಮಾಪಕವನ್ನು ನಿರ್ಮಿಸಿದನು. ಹದಿನೆಂಟನೆಯ ಶತಮಾನದಲ್ಲಿ ಫ್ಯಾರನ್‌ಹೀಟ್ ಮತ್ತು ಸೆಲ್ಸಿಯಸ್ ಎಂಬ ವಿಜ್ಞಾನಿಗಳು ಅದಕ್ಕೆ ಖಚಿತವಾದ ಅಳತೆಯ ಗೆರೆಗಳನ್ನು ಒದಗಿಸಿದರು. ಅಂದಿನಿಂದ ಬಿಸಿಯೆಂಬುದು ಬರಿಯ ಅನಿಸಿಕೆಯಾಗಿ ಉಳಿಯದೆ ಅಂಕಿಯ ವಿಷಯವಾಯಿತು.

ಅಂಕಿ ಬಂದಮೇಲೆ ವಾದಕ್ಕೆ ಎಡೆಯಿಲ್ಲವೆಂದು ತೋರುವುದು ಸಹಜ. ಆದರೆ ಇಂದು ಮೊಬೈಲ್ ಫೋನುಗಳಲ್ಲಿ ಹವಾಮಾನ ತಿಳಿಸುವ ಆ್ಯಪ್‌ಗಳನ್ನು ನೋಡುವವರಿಗೆ ಬೇರೊಂದು ಗೊಂದಲ ಎದುರಾಗುತ್ತದೆ. ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಆ್ಯಪ್ 33 ಡಿಗ್ರಿ ಎಂದರೆ ಮತ್ತೊಂದು 35 ಎನ್ನುತ್ತದೆ. ಮೂರನೆಯದು 36 ಎಂದು ತೋರಿಸಿ, ಪಕ್ಕದಲ್ಲಿಯೇ ‘40ರಂತೆ ಭಾಸವಾಗುತ್ತದೆ’ ಎಂದೂ ಸೇರಿಸುತ್ತದೆ. ಮನೆಯ ಗೋಡೆಗೆ ತೂಗುಹಾಕಿದ ಉಷ್ಣತಾಮಾಪಕವು ಇವಾವುದನ್ನೂ ಒಪ್ಪದೆ ತನ್ನದೇ ಅಂಕಿಯನ್ನು ತೋರುತ್ತದೆ. ಇವುಗಳಲ್ಲಿ ಯಾವುದು ನಿಜ? ಉಳಿದವು ಸುಳ್ಳೆ? ಪ್ರಶ್ನೆ ಸಣ್ಣದೆಂದು ತೋರಿದರೂ, ಇದಕ್ಕೆ ಉತ್ತರ ಹುಡುಕಹೊರಟರೆ ಅಳತೆಯೆಂದರೇನು, ಸ್ಥಳವೆಂದರೇನು, ಮುನ್ಸೂಚನೆಯೆಂದರೇನು ಎಂಬ ದೊಡ್ಡ ವಿಷಯಗಳೇ ಎದುರು ನಿಲ್ಲುತ್ತವೆ.

ಮೊದಲು ಅಳತೆಯ ವಿಷಯವನ್ನು ನೋಡಬಹುದು. ಹವಾಮಾನ ವರದಿಯಲ್ಲಿ ಉಷ್ಣತೆಯೆಂದರೆ ಗಾಳಿಯ ಉಷ್ಣತೆ. ಬಿಸಿಲಿನದಲ್ಲ, ನೆಲದ್ದೂ ಅಲ್ಲ. ಉಷ್ಣತಾಮಾಪಕವನ್ನು ಬಿಸಿಲಿಗೆ ಹಿಡಿದರೆ ಅದು ಸೂರ್ಯಕಿರಣಗಳನ್ನು ಹೀರಿ ತಾನೇ ಕಾಯುತ್ತದೆ. ಆಗ ಅದು ತೋರಿಸುವುದು ಸುತ್ತಲ ಗಾಳಿಯ ಬಿಸಿಯನ್ನಲ್ಲ, ತನ್ನ ಬಿಸಿಯನ್ನೇ. ಗೋಡೆಗೆ ತಗುಲಿಸಿಟ್ಟರೆ ಗೋಡೆಯ ಬಿಸಿಯೂ ಅದರಲ್ಲಿ ಬೆರೆಯುತ್ತದೆ. ನೆಲಕ್ಕೆ ತೀರ ಹತ್ತಿರವಿಟ್ಟರೆ ಹಗಲಿನಲ್ಲಿ ನೆಲದ ಕಾವು ಸೇರಿ ಅಂಕಿ ಏರುತ್ತದೆ. ಬೇಸಗೆಯ ನಡುಹಗಲಿನಲ್ಲಿ ಡಾಂಬರು ರಸ್ತೆಯ ಮೇಲೆ ಬರಿಗಾಲಿಡಲು ಆಗದಿದ್ದರೂ, ಅದೇ ರಸ್ತೆಯ ಮೇಲೆ ಆಳೆತ್ತರದಲ್ಲಿರುವ ಗಾಳಿ ಅಷ್ಟು ಬಿಸಿಯಾಗಿರುವುದಿಲ್ಲ. ಕೃತಕ ಉಪಗ್ರಹಗಳು ಆಕಾಶದಿಂದ ನೋಡಿ ಅಳೆಯುವ ನೆಲದ ಉಷ್ಣತೆಗೂ ವೀಕ್ಷಣಾಲಯಗಳು ಅಳೆಯುವ ಗಾಳಿಯ ಉಷ್ಣತೆಗೂ ಹತ್ತಾರು ಡಿಗ್ರಿಗಳ ಅಂತರ ಬರುವುದಕ್ಕೆ ಕಾರಣವೂ ಇದೇ. ಎರಡೂ ಸರಿಯಾದ ಅಂಕಿಗಳೇ. ಆದರೆ ಎರಡು ಬೇರೆ ವಸ್ತುಗಳ ಅಂಕಿಗಳು.

ಹೀಗೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅಳೆದರೆ ಊರಿಗೂ ಊರಿಗೂ ಹೋಲಿಕೆಯೇ ಸಾಧ್ಯವಾಗದು. ಆದುದರಿಂದ ಜಗತ್ತಿನ ಹವಾಮಾನ ಶಾಸ್ತ್ರಜ್ಞರು ಒಂದು ಕಟ್ಟುಪಾಡನ್ನು ಒಪ್ಪಿಕೊಂಡಿದ್ದಾರೆ. ಉಷ್ಣತಾಮಾಪಕವು ನೆಲದಿಂದ 1.25 ಮೀಟರಿನಿಂದ 2 ಮೀಟರುಗಳ ನಡುವಣ ಎತ್ತರದಲ್ಲಿರಬೇಕು. ಬಿಸಿಲು ಮಳೆಗಳು ಅದಕ್ಕೆ ನೇರವಾಗಿ ತಾಕಬಾರದು. ಆದರೂ ಗಾಳಿ ಅದರ ಸುತ್ತ ಸರಾಗವಾಗಿ ಆಡುತ್ತಿರಬೇಕು. ಈ ಎಲ್ಲ ನಿಯಮಗಳನ್ನು ಪೂರೈಸುವ ಪೆಟ್ಟಿಗೆಯೊಂದನ್ನು 1860ರ ದಶಕದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಎಂಬ ಎಂಜಿನಿಯರನು ರೂಪಿಸಿದನು. ದೀಪಸ್ತಂಭಗಳ ನಿರ್ಮಾಣಕ್ಕೆ ಹೆಸರಾಗಿದ್ದ ಈತನು, ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ. ಕಾಲುಗಳ ಮೇಲೆ ನಿಂತ ಮರದ ಪೆಟ್ಟಿಗೆ. ಎಲ್ಲ ಕಡೆಗೂ ಓರೆಪಟ್ಟಿಗಳ ಇಮ್ಮಡಿ ಗೋಡೆ. ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿಯ ಬಣ್ಣ. ಬಾಗಿಲು ತೆರೆದಾಗ ಬಿಸಿಲು ಒಳಬೀಳದಿರಲೆಂದು ಭಾರತದಲ್ಲಿ ಅದನ್ನು ಉತ್ತರಕ್ಕೆ ಮುಖಮಾಡಿ ನಿಲ್ಲಿಸುತ್ತಾರೆ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯ ವೀಕ್ಷಣಾಲಯಗಳ ಅಂಗಳದಲ್ಲಿ ಇಂದಿಗೂ ಇಂಥ ಪೆಟ್ಟಿಗೆಗಳನ್ನು ಕಾಣಬಹುದು. ಮನೆಯ ಗೋಡೆಯ ಉಷ್ಣತಾಮಾಪಕವು ಇಲಾಖೆಯ ಅಂಕಿಯೊಡನೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ಇಷ್ಟರಲ್ಲಿಯೇ ಉತ್ತರ ದೊರೆಯುತ್ತದೆ. ಅದು ಕೆಟ್ಟಿರಬೇಕೆಂದೇನೂ ಇಲ್ಲ. ಕಟ್ಟುಪಾಡಿನ ಹೊರಗೆ ನಿಂತು ಅಳೆಯುತ್ತಿದೆ, ಅಷ್ಟೆ.

ಎರಡನೆಯದು ಸ್ಥಳದ ವಿಷಯ. ‘ಒಂದೇ ಊರು’ ಎಂದು ಹೇಳುವುದು ಸುಲಭ. ಆದರೆ ಗಾಳಿಗೆ ಊರಿನ ಗಡಿ ತಿಳಿಯದು. ಕೆರೆಯ ಏರಿಯ ಮೇಲಿನ ಗಾಳಿ, ತೆಂಗಿನ ತೋಟದೊಳಗಿನ ಗಾಳಿ, ಬಸ್ ನಿಲ್ದಾಣದ ಕಾಂಕ್ರೀಟು ಅಂಗಳದ ಗಾಳಿ, ಇವು ಕೂಗಳತೆಯ ದೂರದಲ್ಲಿದ್ದರೂ ಇವುಗಳ ಉಷ್ಣತೆ ಒಂದೇ ಆಗಿರಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಔಷಧಿ ರಸಾಯನಗಳ ತಯಾರಿಕೆಯಲ್ಲಿ ತೊಡಗಿದ್ದ ಲ್ಯೂಕ್ ಹೋವರ್ಡ್ ಎಂಬಾತನು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ನಗರದ ಉಷ್ಣತೆಯನ್ನೂ ಸುತ್ತಲ ಹಳ್ಳಿಗಾಡಿನ ಉಷ್ಣತೆಯನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದನು. ನಗರದ ರಾತ್ರಿಗಳು ಹಳ್ಳಿಗಾಡಿನ ರಾತ್ರಿಗಳಿಗಿಂತ ಸರಾಸರಿ ಸುಮಾರು 2 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುವುದು ಅವನ ಗಮನಕ್ಕೆ ಬಂದಿತು. ಇಟ್ಟಿಗೆ, ಕಲ್ಲು, ಕಾಂಕ್ರೀಟು ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತವೆ. ಮರಗಿಡಗಳಾದರೋ ಎಲೆಗಳಿಂದ ನೀರಾವಿಯನ್ನು ಹೊರಸೂಸಿ ಗಾಳಿಯನ್ನು ತಂಪುಗೊಳಿಸುತ್ತವೆ. ಮರ ಕಡಿಮೆಯಾಗಿ ಕಟ್ಟಡ ಹೆಚ್ಚಿದ ನಗರವು ಹಳ್ಳಿಗಾಡಿನ ನಡುವೆ ಬಿಸಿಯ ದ್ವೀಪದಂತೆ ನಿಲ್ಲುತ್ತದೆ.

ಎತ್ತರವೂ ಉಷ್ಣತೆಯನ್ನು ಬದಲಿಸುತ್ತದೆ. ಸಮುದ್ರಮಟ್ಟದಿಂದ ಮೇಲೇರಿದಂತೆಲ್ಲ, ಪ್ರತಿ ಸಾವಿರ ಮೀಟರಿಗೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಗಳಷ್ಟು ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣಕ್ಕೂ ಅದರ ಬೆನ್ನಿಗೇ ನಿಂತಿರುವ ಮುಳ್ಳಯ್ಯನಗಿರಿಯ ಶಿಖರಕ್ಕೂ ಎತ್ತರದಲ್ಲಿ ಎಂಟುನೂರು ಮೀಟರಿಗೂ ಮಿಕ್ಕಿದ ಅಂತರವಿದೆ. ಈ ಲೆಕ್ಕದಂತೆ ಪಟ್ಟಣದಲ್ಲಿ 28 ಡಿಗ್ರಿಯಿರುವಾಗ ಶಿಖರದಲ್ಲಿ 23ರ ಆಸುಪಾಸಿನಲ್ಲಿರುವುದು ಸ್ವಾಭಾವಿಕ. ನಕಾಶೆಯ ಮೇಲೆ ಎರಡೂ ಒಂದೇ ಚುಕ್ಕೆಯಷ್ಟು ಹತ್ತಿರ. ಹವೆಯಲ್ಲಿ ಮಾತ್ರ ಬಹಳ ದೂರ.

ಆ್ಯಪ್‌ಗಳ ಗೊಂದಲಕ್ಕೆ ಮೂಲವಾದ ಇನ್ನೊಂದು ಸಂಗತಿಯಿದೆ. ಫೋನು ತನ್ನ ಬಳಿಯಿರುವ ಉಷ್ಣತಾಮಾಪಕದಿಂದ ಅಳೆದು ಹೇಳುತ್ತಿದೆಯೆಂದು ಹಲವರು ಭಾವಿಸುತ್ತಾರೆ. ಇದು ತಪ್ಪು ಕಲ್ಪನೆ. ಸಾಮಾನ್ಯವಾಗಿ ಫೋನುಗಳೊಳಗೆ ಬ್ಯಾಟರಿ ಮೊದಲಾದ ಭಾಗಗಳ ಕಾವನ್ನು ಗಮನಿಸುವ ಸಾಧನವಿರುತ್ತದೆಯೇ ಹೊರತು ಹೊರಗಿನ ಗಾಳಿಯನ್ನು ಅಳೆಯುವ ಸಾಧನವಿರುವುದಿಲ್ಲ. ಫೋನು ಮಾಡುವುದಿಷ್ಟೇ: ತಾನು ಎಲ್ಲಿದ್ದೇನೆಂಬುದನ್ನು ದೂರದ ಗಣಕಯಂತ್ರಕ್ಕೆ ತಿಳಿಸಿ, ಅದು ಕೊಟ್ಟ ಅಂಕಿಯನ್ನು ತೆರೆಯ ಮೇಲೆ ಮೂಡಿಸುತ್ತದೆ. ಆ ಅಂಕಿ ಬಂದುದಾದರೂ ಎಲ್ಲಿಂದ? ಕೆಲವು ಆ್ಯಪ್‌ಗಳು ಹತ್ತಿರದ ವೀಕ್ಷಣಾಲಯದ ಅಂಕಿಯನ್ನು ಎತ್ತಿಕೊಳ್ಳುತ್ತವೆ. ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಹವಾಮಾನ ಇಲಾಖೆಯ ನಗರ ವೀಕ್ಷಣಾಲಯವಿದೆ, ಎಚ್.ಎ.ಎಲ್. ವಿಮಾನ ನಿಲ್ದಾಣದಲ್ಲಿ ಮತ್ತೊಂದಿದೆ. ನಗರದ ನಡುವಿನಿಂದ ಮೂವತ್ತು ಕಿಲೋಮೀಟರಿಗೂ ಆಚೆ, ದೇವನಹಳ್ಳಿಯ ಬಯಲಿನಲ್ಲಿರುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇನ್ನೊಂದಿದೆ. ಬೇಸಗೆಯ ಸಂಜೆ ನಗರದ ಒಂದು ಕಡೆ ಗುಡುಗುಮಳೆ ಸುರಿದು ಗಾಳಿ ತಂಪಾಗಿರುವಾಗ, ಇನ್ನೊಂದು ಕಡೆ ಹನಿಯೂ ಬೀಳದೆ ನೆಲ ಕಾದೇ ಇರುವುದು ಬೆಂಗಳೂರಿನವರಿಗೆ ಹೊಸದಲ್ಲ. ಅಂಥ ಹೊತ್ತಿನಲ್ಲಿ ಒಂದು ಆ್ಯಪ್ ನಗರ ವೀಕ್ಷಣಾಲಯವನ್ನೂ ಮತ್ತೊಂದು ವಿಮಾನ ನಿಲ್ದಾಣವನ್ನೂ ನೆಚ್ಚಿಕೊಂಡರೆ ಎರಡರ ಅಂಕಿಗಳು ಕೂಡುವುದಾದರೂ ಹೇಗೆ?

ವೀಕ್ಷಣಾಲಯಗಳು ಎಲ್ಲ ಊರುಗಳಲ್ಲಿಯೂ ಇಲ್ಲ. ಇಲ್ಲದ ಕಡೆ ಅಂಕಿಯನ್ನು ಲೆಕ್ಕಾಚಾರದಿಂದ ಪಡೆಯಬೇಕಾಗುತ್ತದೆ. ಗಾಳಿಯ ಚಲನೆಯನ್ನೂ ಬಿಸಿಯನ್ನೂ ಗಣಿತದ ಸಮೀಕರಣಗಳಿಂದ ಮೊದಲೇ ತಿಳಿಯಬಹುದೆಂಬುದನ್ನು ಲೆಕ್ಕ ಹಾಕಿಯೇ ತೋರಿಸಹೊರಟವರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಆಂಗ್ಲ ವಿಜ್ಞಾನಿ ಮೊದಲಿಗನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನ ನಡೆಸುತ್ತಿದ್ದ ಈತನು, ಬಿಡುವಿನ ವೇಳೆಯಲ್ಲಿ 1910ರ ಮೇ 20ರ ಹವೆಯನ್ನು ಲೆಕ್ಕದಿಂದ ಕಂಡುಹಿಡಿಯಲು ಯತ್ನಿಸಿದನು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರುಗಳಷ್ಟು ಬದಲಾಗಬೇಕೆಂದು ಅವನ ಲೆಕ್ಕ ಹೇಳಿತು. ನಿಜವಾಗಿ ಅಂದು ಅದು ಹೆಚ್ಚುಕಡಿಮೆ ಬದಲಾಗಿಯೇ ಇರಲಿಲ್ಲ. ಯುದ್ಧದ ಗಲಿಬಿಲಿಯಲ್ಲಿ ಕಳೆದುಹೋದ ಅವನ ಹಸ್ತಪ್ರತಿ ತಿಂಗಳುಗಳ ಬಳಿಕ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ಸಿಕ್ಕಿತು. ರಿಚರ್ಡ್‌ಸನ್ ತನ್ನ ಸೋಲನ್ನು ಮರೆಮಾಚದೆ 1922ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದನು. ಹವೆಗಿಂತ ವೇಗವಾಗಿ ಲೆಕ್ಕ ಮಾಡಬೇಕಾದರೆ ಅರವತ್ತನಾಲ್ಕು ಸಾವಿರ ಜನ ಒಂದೇ ಸಭಾಂಗಣದಲ್ಲಿ ಕುಳಿತು ಗುಣಿಸಬೇಕಾದೀತೆಂದು ಅವನು ಅದರಲ್ಲಿ ಕಲ್ಪಿಸಿಕೊಂಡನು. ಆ ಸಾವಿರಾರು ಜನರ ಕೆಲಸವನ್ನು ಮುಂದೆ ಗಣಕಯಂತ್ರ ವಹಿಸಿಕೊಂಡಿತು. 1950ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕಯಂತ್ರದ ನೆರವಿನಿಂದ ಹವೆಯ ಲೆಕ್ಕ ಮೊದಲ ಬಾರಿಗೆ ಫಲಿಸಿತು.

ಇಂದಿನ ಆ್ಯಪ್‌ಗಳ ಹಿಂದೆ ದುಡಿಯುತ್ತಿರುವುದು ಈ ಪರಂಪರೆಯೇ. ಗಣಕಯಂತ್ರವು ಭೂಮಿಯ ಮೇಲಿನ ವಾಯುಮಂಡಲವನ್ನು ಚೌಕಳಿ ಚೌಕಳಿಯಾಗಿ ವಿಭಾಗಿಸಿಕೊಂಡು, ಒಂದೊಂದು ಚೌಕಕ್ಕೂ ಒಂದೊಂದು ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ಯೂರೋಪಿನ ಮುನ್ಸೂಚನಾ ಕೇಂದ್ರವು 2016ರಲ್ಲಿ ಸುಮಾರು 9 ಕಿಲೋಮೀಟರು ಅಗಲದ ಚೌಕಗಳನ್ನು ಬಳಸತೊಡಗಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಎಂಬ ವ್ಯವಸ್ಥೆ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಅದರಿಂದ ಭಾರತದ ಮುನ್ಸೂಚನೆಯ ಚೌಕವು 12 ಕಿಲೋಮೀಟರಿನಿಂದ 6 ಕಿಲೋಮೀಟರಿಗೆ ಇಳಿಯಿತು. ಚೌಕ ಕಿರಿದಾದಷ್ಟೂ ಚಿತ್ರ ಸ್ಪಷ್ಟ. ಆದರೂ ಆರು ಕಿಲೋಮೀಟರಿನ ಚೌಕದೊಳಗೆ ಗುಡ್ಡ, ಕಣಿವೆ, ಕೆರೆ, ಪೇಟೆ ಎಲ್ಲವೂ ಅಡಗಿರಬಹುದು. ಗಣಕಯಂತ್ರಕ್ಕೆ ಅದೆಲ್ಲ ಸೇರಿ ಒಂದೇ ಸಮನಾದ ನೆಲ. ಒಂದು ವ್ಯವಸ್ಥೆಯ ಚೌಕದಲ್ಲಿ ಚಿಕ್ಕಮಗಳೂರು ಪಟ್ಟಣವು ಬಯಲಿನೊಡನೆ ಸೇರಿ, ಇನ್ನೊಂದರ ಚೌಕದಲ್ಲಿ ಗಿರಿಯ ಇಳಿಜಾರಿನೊಡನೆ ಸೇರಿದರೆ, ಎರಡೂ ಒಂದೇ ಪಟ್ಟಣಕ್ಕೆ ಬೇರೆಬೇರೆ ಉಷ್ಣತೆಯನ್ನು ಹೇಳುತ್ತವೆ. ಎತ್ತರದ ವ್ಯತ್ಯಾಸವನ್ನು ಸರಿದೂಗಿಸಲು ಪ್ರತಿಯೊಂದು ಸಂಸ್ಥೆಯೂ ತನ್ನದೇ ಆದ ತಿದ್ದುಪಡಿಯ ಕ್ರಮವನ್ನು ಅನುಸರಿಸುತ್ತದೆ. ತಿದ್ದುವ ಕೈ ಬೇರೆಯಾದಂತೆ ತಿದ್ದಿದ ಅಂಕಿಯೂ ಬೇರೆಯಾಗುತ್ತದೆ.

ಇದಕ್ಕೆ ಕಾಲದ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ವಿಮಾನ ನಿಲ್ದಾಣಗಳ ವರದಿ ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಹೊರಬರುತ್ತದೆ. ಗಣಕಯಂತ್ರದ ದೊಡ್ಡ ಲೆಕ್ಕಗಳು ಕೆಲವು ಗಂಟೆಗಳಿಗೊಮ್ಮೆ ಮಾತ್ರ ಹೊಸದಾಗುತ್ತವೆ. ಒಂದು ಆ್ಯಪ್ ಹತ್ತು ನಿಮಿಷದ ಹಿಂದಿನ ಅಳತೆಯನ್ನು ತೋರಿಸುತ್ತಿರುವಾಗ ಮತ್ತೊಂದು ಬೆಳಗ್ಗೆ ಮಾಡಿದ ಊಹೆಯನ್ನೇ ‘ಈಗಿನ ಉಷ್ಣತೆ’ ಎಂದು ತೋರಿಸುತ್ತಿರಬಹುದು. ಅಂಕಿಗಳನ್ನು ಪೂರ್ಣಾಂಕಕ್ಕೆ ಇಳಿಸುವ ಪದ್ಧತಿಯಿಂದಲೂ ವ್ಯತ್ಯಾಸ ಹಿಗ್ಗುತ್ತದೆ. ಒಂದರ ಲೆಕ್ಕ 30.4, ಇನ್ನೊಂದರ ಲೆಕ್ಕ 30.6 ಎಂದಿಟ್ಟುಕೊಂಡರೆ, ಅಂತರ ಡಿಗ್ರಿಯ ಐದರಲ್ಲೊಂದು ಭಾಗ ಮಾತ್ರ. ಆದರೆ ತೆರೆಯ ಮೇಲೆ ಮೊದಲನೆಯದು 30 ಆಗಿಯೂ ಎರಡನೆಯದು 31 ಆಗಿಯೂ ಮೂಡಿ, ಇಡೀ ಒಂದು ಡಿಗ್ರಿಯ ಭೇದವಿರುವಂತೆ ತೋರುತ್ತದೆ.

ಇನ್ನು ‘ಭಾಸವಾಗುವ ಉಷ್ಣತೆ’ ಎಂಬುದು ಗಾಳಿಯ ಉಷ್ಣತೆಯೇ ಅಲ್ಲ. ಮೈಯ ಬೆವರು ಆರುವಾಗ ಮೈಯ ಬಿಸಿಯನ್ನು ಕೊಂಡೊಯ್ಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಬೇಗ ಆರದು. ಆಗ ಇರುವುದಕ್ಕಿಂತ ಹೆಚ್ಚು ಸೆಕೆ ತೋರುತ್ತದೆ. ಮಂಗಳೂರಿನ 32 ಡಿಗ್ರಿ ಕಲಬುರಗಿಯ ಒಣಹವೆಯ 32 ಡಿಗ್ರಿಗಿಂತ ಹೆಚ್ಚು ಬಳಲಿಸುವುದು ಈ ಕಾರಣದಿಂದಲೇ. ಅಮೆರಿಕದ ಹವಾಮಾನ ಇಲಾಖೆ ಬಳಸುವ ಸೂತ್ರದ ಪ್ರಕಾರ, ಗಾಳಿಯ ಉಷ್ಣತೆ 32 ಡಿಗ್ರಿಯೂ ಸಾಪೇಕ್ಷ ಆರ್ದ್ರತೆ ನೂರಕ್ಕೆ 70ರಷ್ಟೂ ಇದ್ದಾಗ ಮೈಗೆ ಅದು ಸುಮಾರು 40 ಡಿಗ್ರಿಯಂತೆ ಭಾಸವಾಗುತ್ತದೆ. ಬೇರೆ ಸೂತ್ರಗಳು ಗಾಳಿಯ ವೇಗವನ್ನೂ ಬಿಸಿಲಿನ ತೀವ್ರತೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಆದಕಾರಣ ಗಾಳಿಯ ಉಷ್ಣತೆಯಲ್ಲಿ ಒಮ್ಮತವಿರುವ ಆ್ಯಪ್‌ಗಳೂ ಭಾಸದ ಉಷ್ಣತೆಯಲ್ಲಿ ಭಿನ್ನವಾಗಬಹುದು.

ಇಲ್ಲಿಯವರೆಗೆ ಹೇಳಿದ ವ್ಯತ್ಯಾಸಗಳಲ್ಲಿ ಯಾವುದೂ ತಪ್ಪಿನಿಂದ ಹುಟ್ಟಿದುದಲ್ಲ. ಆದರೆ ಅಳತೆಯಲ್ಲಿ ನಿಜವಾದ ತಪ್ಪುಗಳೂ ಉಂಟು. 1922ರ ಸೆಪ್ಟೆಂಬರ್ 13ರಂದು ಲಿಬಿಯಾದ ಅಲ್ ಅಜೀಜಿಯಾ ಎಂಬಲ್ಲಿ 58 ಡಿಗ್ರಿ ಉಷ್ಣತೆ ದಾಖಲಾಯಿತು. ಜಗತ್ತಿನ ಅತ್ಯಧಿಕ ಉಷ್ಣತೆಯೆಂದು ತೊಂಬತ್ತು ವರ್ಷಗಳ ಕಾಲ ಅದನ್ನು ಪುಸ್ತಕಗಳು ಸಾರಿದವು; ವಿದ್ಯಾರ್ಥಿಗಳು ಕಂಠಪಾಠ ಮಾಡಿದರು. ವಿಶ್ವ ಹವಾಮಾನ ಸಂಸ್ಥೆಯ ತಜ್ಞರು ಹಳೆಯ ದಾಖಲೆಯ ಹಾಳೆಗಳನ್ನು ಪರಿಶೀಲಿಸಿ 2012ರಲ್ಲಿ ಅದನ್ನು ಅಸಿಂಧುವೆಂದು ಘೋಷಿಸಿದರು. ಆ ಕೆಲಸಕ್ಕೆ ಹೊಸಬನಾಗಿದ್ದ ವೀಕ್ಷಕನು, ಸುಲಭವಾಗಿ ತಪ್ಪಾಗಿ ಓದಬಹುದಾದ ಉಪಕರಣವೊಂದನ್ನು ನೋಡಿ, ಸುಮಾರು 7 ಡಿಗ್ರಿಗಳಷ್ಟು ಹೆಚ್ಚಾಗಿ ಬರೆದಿರಬೇಕೆಂಬುದು ಅವರ ತೀರ್ಮಾನ. ಹೀಗೆ ಆ ಸ್ಥಾನವು ಅಮೆರಿಕದ ಡೆತ್ ವ್ಯಾಲಿಯಲ್ಲಿ 1913ರ ಜುಲೈ 10ರಂದು ದಾಖಲಾಗಿದ್ದ 56.7 ಡಿಗ್ರಿಗೆ ಹೋಯಿತು.

ಇಂಥದೇ ಪ್ರಸಂಗ ಭಾರತದಲ್ಲಿಯೂ ನಡೆಯಿತು. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಹವಾಮಾನ ಕೇಂದ್ರವು 52.9 ಡಿಗ್ರಿ ಉಷ್ಣತೆಯನ್ನು ತೋರಿಸಿತು. ಅದುವರೆಗೆ ದೇಶದ ಅತ್ಯಧಿಕ ಉಷ್ಣತೆಯೆನಿಸಿದ್ದುದು ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51 ಡಿಗ್ರಿ. ಭಾರತದ ದಾಖಲೆಯೇ ಮುರಿಯಿತೆಂಬ ಸುದ್ದಿ ಕ್ಷಣಮಾತ್ರದಲ್ಲಿ ದೇಶವಿದೇಶಗಳಿಗೆ ಹಬ್ಬಿತು. ಹವಾಮಾನ ಇಲಾಖೆ ಮಾತ್ರ ಆತುರಪಡಲಿಲ್ಲ. ಅದೇ ದಿನ ದೆಹಲಿಯ ಇತರ ಕೇಂದ್ರಗಳ ಗರಿಷ್ಠ ಉಷ್ಣತೆ 45.2ರಿಂದ 49.1ರವರೆಗೆ ಇದ್ದುದನ್ನು ಗಮನಿಸಿ, ಒಂದು ಕೇಂದ್ರ ಮಾತ್ರ ಗುಂಪನ್ನು ಬಿಟ್ಟು ಇಷ್ಟು ಮೇಲೇರಿರುವುದು ಸಂವೇದಕದ ದೋಷದಿಂದಲೋ ಸ್ಥಳೀಯ ಕಾರಣದಿಂದಲೋ ಇರಬಹುದೆಂದು ಹೇಳಿತು. ಬಳಿಕ ತಜ್ಞರು ಅಲ್ಲಿಗೆ ಹೋಗಿ ಪ್ರಮಾಣಿತ ಉಪಕರಣವನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಕೇಂದ್ರದ ಸಂವೇದಕವು ಸುಮಾರು 3 ಡಿಗ್ರಿ ಹೆಚ್ಚಾಗಿ ತೋರಿಸುತ್ತಿದ್ದುದು ತಿಳಿದುಬಂದಿತು. ದಾಖಲೆ ಮುರಿಯಲಿಲ್ಲ. ಆದರೆ ಅಂದು ದೆಹಲಿಯಲ್ಲಿ ಅಸಾಧಾರಣವಾದ ಬಿಸಿಯಿತ್ತೆಂಬುದು ಸುಳ್ಳಾಗಲಿಲ್ಲ. 49 ಡಿಗ್ರಿಯೂ ಪ್ರಾಣಕ್ಕೆ ಕುತ್ತು ತರುವ ಬಿಸಿಯೇ. ಒಂದು ಉಪಕರಣದ ತಪ್ಪನ್ನು ಮುಂದುಮಾಡಿ ಇಡೀ ಬಿಸಿಲನ್ನೇ ಅಲ್ಲಗಳೆಯುವುದು, ತಪ್ಪು ಅಂಕಿಯನ್ನು ನಂಬುವುದರಷ್ಟೇ ಅವಿವೇಕ.

ಒಂದೆರಡು ಡಿಗ್ರಿಗಳ ವ್ಯತ್ಯಾಸಕ್ಕೆ ಇಷ್ಟೊಂದು ವಿಚಾರಣೆ ಏಕೆಂದು ಕೇಳಬಹುದು. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣತೆ 40 ಡಿಗ್ರಿಯನ್ನಾದರೂ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಗಳಷ್ಟಾದರೂ ಹೆಚ್ಚಾದಾಗ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯೆಂದು ಪರಿಗಣಿಸುತ್ತದೆ. ಕರಾವಳಿಗೆ ಈ ಮಿತಿ 37, ಗುಡ್ಡಗಾಡಿಗೆ 30. ಬಿಸಿಗಾಳಿಯ ಎಚ್ಚರಿಕೆ ಹೊರಟರೆ ಶಾಲೆಯ ವೇಳೆ ಬದಲಾಗಬಹುದು; ಹೊರಗೆ ದುಡಿಯುವವರ ಕೆಲಸದ ಹೊತ್ತು ಬೆಳಗಿಗೆ ಸರಿಯಬಹುದು; ಆಸ್ಪತ್ರೆಗಳು ಸಿದ್ಧವಾಗಬಹುದು. ಇಂಥ ಸನ್ನಿವೇಶದಲ್ಲಿ ಕೆಟ್ಟುಹೋದ ಉಪಕರಣವೊಂದು ಮೂರು ಡಿಗ್ರಿ ಹೆಚ್ಚಾಗಿ ತೋರಿಸಿದರೆ ಇಲ್ಲದ ಭಯ ಹುಟ್ಟುತ್ತದೆ. ಕಡಿಮೆಯಾಗಿ ತೋರಿಸಿದರೆ ಬಿಸಿಲಿನಲ್ಲಿ ಕಲ್ಲು ಹೊರುವವನ ಪ್ರಾಣಕ್ಕೇ ಅಪಾಯ. ರೈತನ ವಿಷಯವೂ ಹಾಗೆಯೇ. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆಯನ್ನು ಕಾಡುವ ಅಂಗಮಾರಿ ರೋಗವು ತಂಪೂ ತೇವವೂ ಕೂಡಿದ ಹವೆಯಲ್ಲಿ ಹಬ್ಬುತ್ತದೆ. ಔಷಧಿ ಸಿಂಪಡಿಸುವುದೇ ಬೇಡವೇ, ಸಿಂಪಡಿಸುವುದಾದರೆ ಯಾವಾಗ ಎಂಬ ನಿರ್ಧಾರದ ಹಿಂದೆ ಅವನ ವರ್ಷದ ದುಡಿಮೆಯಿರುತ್ತದೆ. ದೂರದ ಪಟ್ಟಣದ ಅಂಕಿ ಅವನ ಹೊಲಕ್ಕೆ ಸಲ್ಲದು. ಹೋಬಳಿ ಹೋಬಳಿಗಳಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನೂ ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ಥಾಪಿಸಿರುವುದರ ಉದ್ದೇಶ, ಅಳತೆಯನ್ನು ಹೊಲದ ಹತ್ತಿರಕ್ಕೆ ತರುವುದೇ ಆಗಿದೆ.

ಹಾಗಾದರೆ ಭಿನ್ನವಾದ ಅಂಕಿಗಳನ್ನು ಓದುವ ಬಗೆ ಹೇಗೆ? ಎಲ್ಲವನ್ನೂ ಸುಳ್ಳೆಂದು ತಳ್ಳಿಬಿಡುವುದು ಸೋಮಾರಿತನ. ಮೊದಲು ಕಂಡುದನ್ನೇ ನಿಜವೆಂದು ಹಿಡಿಯುವುದು ಆತುರ. ವಿವೇಕಿಯು ಅಂಕಿಯನ್ನು ಕಂಡೊಡನೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ. ಇದು ಅಳೆದ ಅಂಕಿಯೋ, ಲೆಕ್ಕ ಹಾಕಿದ ಅಂಕಿಯೋ? ಅಳೆದುದಾದರೆ ಎಲ್ಲಿ, ಯಾವಾಗ? ಗಾಳಿಯದೋ, ನೆಲದ್ದೋ, ಮೈಗೆ ಭಾಸವಾಗುವುದೋ? ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ವ್ಯತ್ಯಾಸದ ಬಹುಪಾಲು ತಾನಾಗಿಯೇ ಕರಗುತ್ತದೆ. ಒಂದೆರಡು ಡಿಗ್ರಿಗಳ ಭೇದವಿದ್ದರೆ ಅದು ಸಹಜವೆಂದು ತಿಳಿಯಬಹುದು. ಒಂದು ಅಂಕಿ ಮಾತ್ರ ಉಳಿದೆಲ್ಲವುಗಳಿಂದ ಬಹಳ ದೂರ ಸರಿದಿದ್ದರೆ ಅದನ್ನು ಪರೀಕ್ಷಿಸದೆ ನಂಬಬಾರದು. ಜೀವಕ್ಕೂ ಬೆಳೆಗೂ ಸಂಬಂಧಪಟ್ಟ ನಿರ್ಧಾರಗಳಲ್ಲಿ ಪ್ರಮಾಣಿತ ಉಪಕರಣಗಳಿಂದ ಅಳೆದು, ತಪ್ಪಾದಾಗ ತಿದ್ದಿ ಹೇಳುವ ಹೊಣೆ ಹೊತ್ತಿರುವ ಹವಾಮಾನ ಇಲಾಖೆಯ ಮಾತಿಗೆ ಹೆಚ್ಚಿನ ಬೆಲೆ ಕೊಡುವುದು ಯುಕ್ತ.

ಅಂಕಿಯು ಸತ್ಯದ ಒಂದು ಭಾಗ ಮಾತ್ರ. ಎಲ್ಲಿ, ಯಾವಾಗ, ಹೇಗೆ, ಯಾರು ಅಳೆದರು ಎಂಬ ವಿವರಗಳು ಅದರ ಜೊತೆಗೂಡಿದಾಗಲೇ ಅದು ಪೂರ್ಣವಾದ ತಿಳಿವಾಗುತ್ತದೆ. ತನ್ನ ಲೆಕ್ಕ ಸೋತುದನ್ನು ಮುಚ್ಚಿಡದೆ ಪ್ರಕಟಿಸಿದ ರಿಚರ್ಡ್‌ಸನ್ ಮುಂದಿನವರಿಗೆ ದಾರಿ ತೋರಿದನು; ತೊಂಬತ್ತು ವರ್ಷಗಳ ದಾಖಲೆಯನ್ನು ಅಳಿಸಿಹಾಕಲು ಹಿಂಜರಿಯದ ತಜ್ಞರು ಆ ದಾರಿಯನ್ನು ಮುಂದುವರಿಸಿದರು. ವಿಜ್ಞಾನದ ಬಲವಿರುವುದು ಎಂದೂ ತಪ್ಪದಿರುವುದರಲ್ಲಿ ಅಲ್ಲ. ತಪ್ಪನ್ನು ಹುಡುಕಿ ತಿದ್ದಿಕೊಳ್ಳುವುದರಲ್ಲಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಹವಾಮಾನ ವರದಿಯಲ್ಲಿ ಉಷ್ಣತೆಯೆಂದರೆ ಯಾವುದರ ಉಷ್ಣತೆ?
2. ಭಾರತದಲ್ಲಿ ಸ್ಟೀವನ್‌ಸನ್ ಪೆಟ್ಟಿಗೆಯ ಬಾಗಿಲನ್ನು ಉತ್ತರಕ್ಕೆ ಮುಖಮಾಡಿ ಇಡುವುದೇಕೆ?
3. ಅಲ್ ಅಜೀಜಿಯಾದ ದಾಖಲೆಯನ್ನು ಯಾವ ವರ್ಷ ಅಸಿಂಧುವೆಂದು ಘೋಷಿಸಲಾಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ನಗರದ ರಾತ್ರಿಗಳು ಹಳ್ಳಿಗಾಡಿನ ರಾತ್ರಿಗಳಿಗಿಂತ ಬೆಚ್ಚಗಿರಲು ಕಾರಣವೇನು?
2. ಮಂಗಳೂರಿನ 32 ಡಿಗ್ರಿ ಕಲಬುರಗಿಯ 32 ಡಿಗ್ರಿಗಿಂತ ಹೆಚ್ಚು ಬಳಲಿಸುವುದೇಕೆ?
3. ಮುಂಗೇಶ್‌ಪುರದ ಅಂಕಿಯನ್ನು ಹವಾಮಾನ ಇಲಾಖೆ ಹೇಗೆ ಪರೀಕ್ಷಿಸಿತು?

ಇ) ವಿವರವಾಗಿ ಉತ್ತರಿಸಿ.
1. ಒಂದೇ ಊರಿಗೆ ಬೇರೆಬೇರೆ ಆ್ಯಪ್‌ಗಳು ಬೇರೆಬೇರೆ ಉಷ್ಣತೆಯನ್ನು ತೋರಿಸಲು ಇರುವ ಕಾರಣಗಳನ್ನು ನಿರೂಪಿಸಿ.
2. ‘ಅಂಕಿಯು ಸತ್ಯದ ಒಂದು ಭಾಗ ಮಾತ್ರ’ ಎಂಬ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಈ) ಮಾಡಿ ನೋಡಿ.
ಶಾಲೆಯ ಅಂಗಳದ ಮರದ ನೆರಳು, ಬಿಸಿಲು ಬೀಳುವ ಗೋಡೆ, ತರಗತಿಯ ಒಳಭಾಗ ಈ ಮೂರು ಕಡೆ ಒಂದೇ ಉಷ್ಣತಾಮಾಪಕವನ್ನು ಹತ್ತು ಹತ್ತು ನಿಮಿಷ ಇಟ್ಟು, ಕಂಡ ಅಂಕಿಗಳನ್ನು ಬರೆದುಕೊಂಡು, ವ್ಯತ್ಯಾಸಕ್ಕೆ ಕಾರಣಗಳನ್ನು ಚರ್ಚಿಸಿ.